ಬಳ್ಳಾರಿಯ ಜೀನ್ಸ್ ಘಟಕಕ್ಕೆ ಬಂದ ಬಾಡಿಗೆ ಕಾಫಿ ಯಂತ್ರ

ಬಳ್ಳಾರಿಯ ಮುಂಡ್ರಿಗಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಜೀನ್ಸ್ ಹೊಲಿಗೆ ಘಟಕಕ್ಕೆ ಕಳೆದ ವರ್ಷ ಬಾಡಿಗೆಯ ಮೇಲೆ ತರಿಸಿದ ಕಾಫಿ ಯಂತ್ರದ ಬಗ್ಗೆ, ಅದರ ಸೇವೆಯ ಬಗ್ಗೆ, ಅದರಿಂದ ಕೆಲಸಗಾರರಿಗೆ ನಿಜವಾಗಿ ಆದ ಅನುಕೂಲದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಘಟಕದ ಲೆಕ್ಕಪತ್ರ ಮತ್ತು ಖರೀದಿ ಎರಡೂ ನನ್ನ ಮೇಜನ್ನೇ ಹಾದುಹೋಗುವುದರಿಂದ ಪುಡಿಯ ಬಿಲ್ಲು, ರಿಪೇರಿಯವನ ಫೋನು, 'ಇವತ್ತು ಕಾಫಿ ನೀರಾಗಿದೆ' ಎಂಬ ದೂರು ಎಲ್ಲವೂ ನನ್ನ ಪಾಲಿಗೇ ಬಂದಿವೆ. ಯಂತ್ರ ಕೊಟ್ಟವರ ಹೆಸರನ್ನು ಹೇಳುವುದಿಲ್ಲ. ನಾವು ವಿಚಾರಿಸಿದ ಬೇರೆ ಸರಬರಾಜುದಾರರೂ ಹೆಚ್ಚುಕಡಿಮೆ ಇಂಥದೇ ಯಂತ್ರ, ಇಂಥದೇ ಪುಡಿ, ಇಂಥದೇ ಕರಾರು ಮುಂದಿಟ್ಟಿದ್ದರು. ಹಾಗಾಗಿ ಹೆಸರಿಗಿಂತ ವ್ಯವಸ್ಥೆಯನ್ನು ಒರೆಗೆ ಹಚ್ಚುವುದು ಓದುಗರಿಗೆ ಹೆಚ್ಚು ಉಪಯೋಗವಾದೀತು.

ಮೊದಲು ಬಂದದ್ದು ಪ್ರೀಮಿಕ್ಸ್ ಯಂತ್ರ. ಕಾಫಿ, ಚಹಾ, ಬಾದಾಮಿ ಹಾಲು ಎಂಬ ಮೂರು ಪುಡಿಗಳನ್ನು ಮೂರು ಡಬ್ಬಿಗಳಿಗೆ ತುಂಬಿ, ಮೇಲೆ ನೀರಿನ ಕ್ಯಾನು ಕೂರಿಸಿ ಗುಂಡಿ ಒತ್ತಿದರೆ, ಅಳತೆಯ ಪುಡಿ ಬಿಸಿನೀರಿನಲ್ಲಿ ಕಲಸಿಕೊಂಡು ಹತ್ತು ಹದಿನೈದು ಸೆಕೆಂಡಿನಲ್ಲಿ ನೊರೆಯೊಡನೆ ಲೋಟಕ್ಕೆ ಬೀಳುತ್ತದೆ. ಯಂತ್ರಕ್ಕೆ ಒಂದು ಠೇವಣಿ. ತಿಂಗಳಿಗೆ ಇಂತಿಷ್ಟು ಕಿಲೋ ಪುಡಿಯನ್ನು ಅವರಿಂದಲೇ ಕೊಂಡರೆ ಬಾಡಿಗೆ ಇಲ್ಲ, ಕೊಳ್ಳದಿದ್ದರೆ ಬಾಡಿಗೆ ಕಟ್ಟಬೇಕು ಎಂಬುದು ಕರಾರಿನ ತಿರುಳು. ಒಂದು ಲೋಟಕ್ಕೆ 14 ಗ್ರಾಂ ಪುಡಿ ಎಂದು ಹಿಡಿದರೆ ಕಿಲೋಗೆ ಸುಮಾರು 70 ಲೋಟ ಸಿಗುತ್ತದೆ. ಗೇಟಿನ ಹೊರಗಿನ ಅಂಗಡಿಯ ಚಹಾಕ್ಕಿಂತ ಇದು ಅಗ್ಗವೇ. ಒಂದು ಲೋಟಕ್ಕೆ ಎಷ್ಟು ಪುಡಿ ಬೀಳಬೇಕೆಂಬುದನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡೂ ಯಂತ್ರದೊಳಗೇ ಇದೆ. ಈ ಗುಟ್ಟು ಆಡಳಿತದವರ ಕಿವಿಗೆ ಬಿದ್ದ ಮೇಲೆ ಕೆಲವು ದಿನ ನಾವು ಕುಡಿದದ್ದು ಕಾಫಿ ಬಣ್ಣದ ಬಿಸಿನೀರು.

ರುಚಿಯ ವಿಷಯವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಳ್ಳಾರಿ ಮೊದಲಿನಿಂದ ಚಹಾದ ಊರು; ಬೆಳಿಗ್ಗೆ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದ ಬಾಯಿಗೆ ಇಲ್ಲಿನವರು ಕೇಳುವುದು ಖಡಕ್ ಚಹಾವನ್ನೇ. ಹೀಗಿರುವಾಗ ಕಾಫಿಗೆ ಒಲಿಯದವರನ್ನು ಒಲಿಸಬೇಕಾದರೆ ಕಾಫಿ ಕಾಫಿಯಂತೆ ಇರಬೇಕು. ಪ್ರೀಮಿಕ್ಸ್ ಪೊಟ್ಟಣದ ಹಿಂಬದಿಯನ್ನು ಓದಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕೆಂಬ ನಿಯಮವಿರುವುದರಿಂದ ಯಾವುದು ಎಷ್ಟಿದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ನಮಗೆ ಬಂದ ಪೊಟ್ಟಣದ ಮೇಲೆ ಮೊದಲ ಹೆಸರು ಸಕ್ಕರೆ, ಎರಡನೆಯದು ಹಾಲಿನ ಪುಡಿ, ಕಾಫಿ ಅವುಗಳ ಹಿಂದೆ. ಲೋಟವೊಂದಕ್ಕೆ ಆರೇಳು ಗ್ರಾಂ ಸಕ್ಕರೆ ಎಂದಿಟ್ಟುಕೊಂಡರೂ ದಿನಕ್ಕೆ ನಾಲ್ಕು ಲೋಟ ಕುಡಿಯುವವನ ಹೊಟ್ಟೆಗೆ 25 ಗ್ರಾಂ ಆಯಿತು; ದಿನವೊಂದಕ್ಕೆ ಇದಕ್ಕಿಂತ ಹೆಚ್ಚು ಬಿಡಿ ಸಕ್ಕರೆ (ಹೊರಗಿನಿಂದ ಬೆರೆಸಿದ ಸಕ್ಕರೆ ಮುಂತಾದದ್ದು) ಇರದಿದ್ದರೆ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಟ್ಟವೂ ಸರಿಸುಮಾರು ಅದೇ. ನಮ್ಮಲ್ಲಿ ಕಟಿಂಗ್ ಮೇಜಿನ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಮೊದಲೇ ಬೆರೆತ ಪುಡಿಯ ಯಂತ್ರ ಅವರ ಪಾಲಿಗೆ ಇದ್ದೂ ಇಲ್ಲದಂತೆ.

ಈ ದೂರುಗಳನ್ನೆಲ್ಲ ಒಟ್ಟುಮಾಡಿ ಕೇಳಿದ ಮೇಲೆ ಸರಬರಾಜುದಾರರು ಯಂತ್ರ ಬದಲಿಸಿಕೊಟ್ಟರು. ಎರಡನೆಯದು ಡಿಕಾಕ್ಷನ್ ಮತ್ತು ಹಾಲನ್ನು ಬೇರೆ ಬೇರೆ ಬಿಸಿಯಿಟ್ಟು ಲೋಟದಲ್ಲಿ ಕೂಡಿಸುವ ಯಂತ್ರ; ಸಕ್ಕರೆ ಪಕ್ಕದ ಡಬ್ಬಿಯಲ್ಲಿರುತ್ತದೆ, ಬೇಕಾದವರು ಹಾಕಿಕೊಳ್ಳಬಹುದು. ಇದಕ್ಕೆ ಬಾಡಿಗೆ ತಪ್ಪುವುದಿಲ್ಲ, ಹಾಲಿನ ಖರ್ಚು ನಮ್ಮದೇ, ದಿನಾ ಬೆಳಿಗ್ಗೆ ಯಾರಾದರೂ ಡಿಕಾಕ್ಷನ್ ಇಳಿಸಬೇಕು. ಆದರೆ ರುಚಿಯಲ್ಲಿ ಎರಡಕ್ಕೂ ಅಜಗಜಾಂತರ. ಪುಡಿಯ ಬೆರಕೆಯನ್ನೂ ನಾವೇ ಆರಿಸಬಹುದಾಯಿತು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ರವರೆಗೆ ಇರಬಹುದು, ಎಷ್ಟಿದೆ ಎಂಬುದನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಿಯಮ. ಮೊದಲ ತಿಂಗಳು ಅವರು ಕಳಿಸಿದ ಪುಡಿಯಲ್ಲಿ ಕಾಫಿ ಅರ್ಧದಷ್ಟಿತ್ತು, ಅಷ್ಟೆ. ಚಿಕೋರಿ ಬೇರಿನ ಪುಡಿ. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಒಂದಿಷ್ಟು ಗಟ್ಟಿತನ, ಸಿಹಿಗಹಿ ಕೊಡುತ್ತದೆ, ಆದರೆ ಕಾಫಿಯಲ್ಲಿ ಮಂಪರು ಕಳೆಯುವ ಅಂಶವಾದ ಕೆಫೀನ್ ಅದರಲ್ಲಿ ಇಲ್ಲ. ತೂಕಡಿಕೆ ಹೋಗಲಾಡಿಸಲು ಕಾಫಿ ತರಿಸಿ ಅರ್ಧ ಚಿಕೋರಿ ಕುಡಿಸಿದರೆ ಆದ ಲಾಭವೇನು? 80:20ರ ಬೆರಕೆಗೆ ಬದಲಾಯಿಸಿಕೊಂಡೆವು. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿದ್ದುಕೊಂಡು, ಚಿಕ್ಕಮಗಳೂರಿನ ಪುಡಿ ಬಸ್ಸಿನಲ್ಲಿ ಒಂದು ರಾತ್ರಿಗೆ ಬಂದು ಬೀಳುವ ಊರಿನಲ್ಲಿದ್ದುಕೊಂಡು, ಇಷ್ಟಕ್ಕಾಗಿ ಇಷ್ಟು ಹೋರಾಡಬೇಕಾದದ್ದು ಸ್ವಲ್ಪ ತಮಾಷೆಯ ಸಂಗತಿ.

ನಿರ್ವಹಣೆಯ ಬಗ್ಗೆ ಹೆಚ್ಚು ಹೇಳಬೇಕಿದೆ, ಏಕೆಂದರೆ ಯಂತ್ರ ತರಿಸುವ ಮುನ್ನ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ಘಟಕಕ್ಕೆ ಬರುವುದು ಬೋರ್‌ವೆಲ್ ನೀರು. ಅಲ್ಲೀಪುರ ಕೆರೆಯ ಮೂಲಕ ಊರಿಗೆ ಬರುವ ತುಂಗಭದ್ರೆಯ ನೀರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ಗಡಸು ನೀರು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಅದೇ ಪೊರೆ ಯಂತ್ರದ ಬಾಯ್ಲರಿನೊಳಗೂ, ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಮೊದಲು ನೀರು ತಡವಾಗಿ ಕಾಯುತ್ತದೆ, ಆಮೇಲೆ ಲೋಟ ಮುಕ್ಕಾಲಕ್ಕೇ ನಿಲ್ಲುತ್ತದೆ, ಕೊನೆಗೊಂದು ದಿನ ಯಂತ್ರ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಗಡಸು ನೀರು ಯಂತ್ರವನ್ನು ಮಾತ್ರವಲ್ಲದೆ ಕಾಫಿಯ ಹುಳಿಯಂಶವನ್ನೂ ತಿಂದು ರುಚಿಯನ್ನು ಸಪ್ಪೆ ಮಾಡುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳಿದರೆ, ಕಾಫಿಯ ರುಚಿ ಬಲ್ಲವರು 150ರ ಆಸುಪಾಸು ಇರಲಿ ಎನ್ನುತ್ತಾರೆ. ಹಾಗೆಂದು ಬರೀ ಆರ್‌ಒ ನೀರು ಹಾಕಿದರೆ ಡಿಕಾಕ್ಷನ್ ಯಾಕೋ ಪೊಳ್ಳು ಅನಿಸುತ್ತದೆ. ನಾವು ಆರ್‌ಒ ನೀರಿಗೆ ಮಹಾನಗರ ಪಾಲಿಕೆಯ ನಲ್ಲಿಯ ನೀರನ್ನು ಕಾಯಿಸಿ ಸೋಸಿ ಒಂದಿಷ್ಟು ಬೆರೆಸುತ್ತೇವೆ. ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರನ್ನು ಯಂತ್ರದೊಳಗೆ ಹಾಯಿಸಿ, ಎರಡು ಮೂರು ಸಲ ಬರಿನೀರಿನಲ್ಲಿ ತೊಳೆದರೆ ಪೊರೆ ಬಿಡುತ್ತದೆ. ಇದು ಸರಬರಾಜುದಾರರ ಕೆಲಸವೆಂದು ಕರಾರಿನಲ್ಲಿ ಬರೆಸಿಕೊಂಡಿದ್ದರೂ ಅವರ ಹುಡುಗ ಬರುವುದು ನಾಲ್ಕನೆಯ ಫೋನಿಗೆ.

ಹಾಲಿನ ಭಾಗ ಇನ್ನೂ ನಾಜೂಕು. ಸಂಜೆ ತೊಳೆಯದೆ ಬಿಟ್ಟರೆ ಮಾರನೆಯ ಬೆಳಗಿನ ಮೊದಲ ಹತ್ತು ಲೋಟಕ್ಕೆ ಹಳಸಲು ವಾಸನೆ ಖಂಡಿತ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹಾಲು ಒಡೆದದ್ದೂ ಉಂಟು. ಕರೆಂಟು ಹೋಗಿ ಬಂದರೆ ಯಂತ್ರ ಮತ್ತೆ ಕಾಯಲು ಸುಮಾರು ಹತ್ತು ನಿಮಿಷ ಬೇಕು; ಆ ಹೊತ್ತಿಗೆ ಗುಂಡಿ ಒತ್ತುತ್ತ ನಿಲ್ಲುವವರ ಸಾಲು ನೋಡಿದರೆ ಯಂತ್ರ ಬೇಕಿತ್ತೇ ಅನ್ನಿಸುವುದು ಸಹಜ. ಪ್ರೀಮಿಕ್ಸ್ ಯಂತ್ರದಲ್ಲಿ ಇದ್ದ ಇನ್ನೊಂದು ಕಾಟ ಇರುವೆಯದು. ಅದನ್ನು ವಿವರಿಸಿ ಓದುವವರ ಕಾಫಿ ಕೆಡಿಸುವುದಿಲ್ಲ.

ಇನ್ನು ಅನುಕೂಲದ ಮಾತು. ಕೆಲಸ ಮಾಡಿದಂತೆಲ್ಲ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗಿ ನಿದ್ದೆಯ ಮಂಪರು ತರುತ್ತದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಕೂತು ಮಂಪರನ್ನು ಸ್ವಲ್ಪ ಹೊತ್ತು ಮುಂದೂಡುತ್ತದೆ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದರ ಪರಿಣಾಮ ಏರುತ್ತದೆ. ಪಾಳಿ ಕೆಲಸದವರ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2010ರಲ್ಲಿ ಪ್ರಕಟವಾದ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆ, ಕೆಫೀನ್ ತಪ್ಪುಗಳನ್ನು ಕಡಿಮೆ ಮಾಡುತ್ತದೆ ಎಂದಿತು. ಗಾಯಗಳನ್ನು ತಡೆಯುತ್ತದೆಯೇ ಎಂಬುದನ್ನು ಮಾತ್ರ ಆ ಪ್ರಯೋಗಗಳಲ್ಲಿ ಒಂದೂ ನೇರವಾಗಿ ಅಳೆದಿರಲಿಲ್ಲ. ಹೊಲಿಗೆ ಘಟಕದಲ್ಲಿ ತಪ್ಪು ಎಂದರೇನು ಎಂಬುದು ಒಳಗಿದ್ದವರಿಗೆ ಗೊತ್ತು. ಬೆಲ್ಟ್ ಲೂಪ್ ಅರ್ಧ ಇಂಚು ಸರಿದಿರುತ್ತದೆ, ಒಳಹೊಲಿಗೆಯಲ್ಲಿ ನೂಲು ಜಿಗಿದಿರುತ್ತದೆ, ಬಲಗಾಲಿಗೆ ಒಂದು ಶೇಡಿನ ಬಟ್ಟೆ ಎಡಗಾಲಿಗೆ ಇನ್ನೊಂದು ಶೇಡಿನದು ಕೂಡಿಕೊಂಡಿರುತ್ತದೆ. ಇಂಥವು ಚೆಕಿಂಗ್ ಮೇಜಿನಿಂದ 'ಆಲ್ಟರ್' ಎಂದು ವಾಪಸು ಬರುತ್ತವೆ, ಆ ಗುಡ್ಡೆ ಬೆಳೆಯುವುದು ಸಂಜೆ ನಾಲ್ಕರ ನಂತರ. ಸಂಜೆಯ ಕಾಫಿ ಬಿಡುವು ಸರಿಯಾಗಿ ನಡೆದ ದಿನಗಳಲ್ಲಿ ಚೆಕಿಂಗ್ ವಿಭಾಗದವರು ದೋಷಗಳನ್ನು ಅಲ್ಲೇ ಹಿಡಿದರು, ಪ್ಯಾಕಿಂಗಿನ ತನಕ ಹೋಗಿ ವಾಪಸು ಬಂದವು ಕಡಿಮೆಯಾದವು ಎಂಬುದು ಸೂಪರ್‌ವೈಸರರ ಅನಿಸಿಕೆ. ನಾನು ಅದನ್ನು ಒಪ್ಪುತ್ತೇನೆ, ಆದರೆ ಪೂರಾ ಶ್ರೇಯಸ್ಸನ್ನು ಕಾಫಿಗೆ ಕೊಡಲಾರೆ. ಅದೇ ಹತ್ತು ನಿಮಿಷ ಮಜ್ಜಿಗೆ ಕುಡಿದು, ಬೆನ್ನು ನೆಟ್ಟಗೆ ಮಾಡಿ, ಎರಡು ಮಾತಾಡಿ ಬಂದವರೂ ಅಷ್ಟೇ ಚುರುಕಾಗಿದ್ದರು.

ವಿಷಯ ಇರುವುದು ಇಲ್ಲೇ. ಕೆಲಸದ ಜಾಗಕ್ಕೆ ಕಾಫಿ ಯಂತ್ರ ತರಿಸುವಾಗ ಆಡಳಿತದವರ ಮನಸ್ಸಿನಲ್ಲಿ ಇರುವ ಲೆಕ್ಕ ಒಂದೇ: ಗೇಟಿನ ಹೊರಗೆ ಚಹಾ ಕುಡಿಯಲು ಹೋಗುವವರ ಇಪ್ಪತ್ತು ನಿಮಿಷ ಉಳಿಯುತ್ತದೆ. ಯಂತ್ರ ಮಾರಲು ಬರುವವರೂ ಇದನ್ನೇ ಮೊದಲು ಹೇಳುತ್ತಾರೆ. ಆದರೆ ಉಳಿಸಬೇಕೆಂದು ಹೊರಟ ಆ ಇಪ್ಪತ್ತು ನಿಮಿಷದಲ್ಲೇ ಕಾಫಿಯ ಅರ್ಧ ಗುಣ ಅಡಗಿದೆ. ಕೂತ ಜಾಗಕ್ಕೇ ಲೋಟ ತಂದುಕೊಟ್ಟು, ಒಂದು ಕೈಯಲ್ಲಿ ಕುಡಿಯುತ್ತ ಇನ್ನೊಂದು ಕೈಯಲ್ಲಿ ಬಟ್ಟೆ ತಳ್ಳುವಂತಾದರೆ ಅದನ್ನು ಸೌಲಭ್ಯ ಎನ್ನುವುದು ಕಷ್ಟ. ನಮ್ಮಲ್ಲಿ ಯಂತ್ರವನ್ನು ಮೊದಲು ಇಟ್ಟದ್ದು ಆಫೀಸು ಕೋಣೆಯ ಒಳಗೆ. ತಿಂಗಳ ಸಂಬಳದ ನಮ್ಮಂಥವರು ಬೇಕೆಂದಾಗ ಎದ್ದು ಹೋಗಿ ಕುಡಿದೆವು. ಹೊಲಿಗೆ ಸಾಲಿನವರು ಪೀಸ್ ರೇಟಿನವರು. ಎಷ್ಟು ಪ್ಯಾಂಟಿಗೆ ಜಿಪ್ ಕೂರಿಸಿದರೋ ಅಷ್ಟಕ್ಕೇ ಕೂಲಿ. ಅವರು ಎದ್ದು ಬಂದು ಒಂದು ಲೋಟ ಕಾಫಿ ಕುಡಿದು ಹೋದರೆ ಆ ಹೊತ್ತಿನ ಪೀಸುಗಳ ಕೂಲಿ ಹೋಯಿತು. ಹೀಗಾಗಿ ಪುಕ್ಕಟೆ ಎಂದು ಬರೆದಿಟ್ಟ ಕಾಫಿ ಅವರ ಪಾಲಿಗೆ ಘಟಕದಲ್ಲೇ ದುಬಾರಿ ಕಾಫಿಯಾಯಿತು. ಒಂದು ಕಾಲಕ್ಕೆ ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ದರ್ಜಿಗಳ ಕಸುಬಿನಿಂದ ಬೆಳೆದದ್ದೆಂದು ಊರವರು ಹೇಳುವ ಈ ಉದ್ಯಮದಲ್ಲಿ ಪೀಸ್ ಲೆಕ್ಕ ಇವತ್ತಿನದಲ್ಲ, ಒಂದು ಯಂತ್ರ ಅದನ್ನು ಬದಲಿಸುವುದೂ ಇಲ್ಲ.

ಇಂಥದೇ ತಕರಾರು ಅಮೆರಿಕದ ಡೆನ್ವರ್ ನಗರದ ಲಾಸ್ ವಿಗ್ವಾಮ್ ವೀವರ್ಸ್ ಎಂಬ ನೆಕ್‌ಟೈ ನೇಯುವ ಕಾರ್ಖಾನೆಯಲ್ಲಿ ಹುಟ್ಟಿ ನ್ಯಾಯಾಲಯದವರೆಗೆ ಹೋಗಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಯುವಕರು ಯುದ್ಧದ ಕೆಲಸಕ್ಕೆ ಹೋದಾಗ ಅಲ್ಲಿನ ಮಾಲೀಕ ಮಧ್ಯವಯಸ್ಸಿನ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡ. ಅವರ ಕೈಯಲ್ಲಿ ನಯವಿತ್ತು, ಇಡೀ ದಿನ ಮಗ್ಗದ ಮುಂದೆ ನಿಲ್ಲುವ ತ್ರಾಣವಿರಲಿಲ್ಲ. ಕೆಲಸಗಾರರ ಸಲಹೆಯಂತೆಯೇ ದಿನಕ್ಕೆ ಎರಡು ಸಲ ಹದಿನೈದು ನಿಮಿಷದ ಕಾಫಿ ಬಿಡುವು ಶುರುವಾಯಿತು, ಉತ್ಪಾದನೆ ಏರಿತು. ಆ ಅರ್ಧ ಗಂಟೆಗೆ ಕೂಲಿ ಕೊಡುವುದಿಲ್ಲ ಎಂದು ಮಾಲೀಕ ಹೇಳಿದ್ದೇ ವ್ಯಾಜ್ಯವಾಯಿತು. ಬಿಡುವಿನಿಂದ ಕೆಲಸಗಾರರಿಗಷ್ಟೇ ಅಲ್ಲದೆ ಮಾಲೀಕನಿಗೂ ಲಾಭವಾಗಿದೆ, ಆದ್ದರಿಂದ ಅದು ಕೆಲಸದ ಸಮಯವೇ, ಅದಕ್ಕೂ ಕೂಲಿ ಸಲ್ಲಬೇಕು ಎಂದು 1956ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಇದನ್ನು ನಮ್ಮ ಮಾಲೀಕರಿಗೆ ಒಂದು ಮಧ್ಯಾಹ್ನ ವಿವರವಾಗಿ ಹೇಳಿದೆ. 'ಅದು ಅಮೆರಿಕ' ಎಂದರು. ಆದರೆ ಯಂತ್ರವನ್ನು ಆಫೀಸಿನಿಂದ ಹೊಲಿಗೆ ಸಾಲಿನ ಕೊನೆಗೆ ಸ್ಥಳಾಂತರಿಸಿ, ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಹತ್ತು ಹತ್ತು ನಿಮಿಷ ಸಾಲಿನ ಮೇನ್ ಸ್ವಿಚ್ ಆರಿಸಲು ಒಪ್ಪಿದರು. ಎಲ್ಲರ ಯಂತ್ರವೂ ನಿಂತಾಗ ಪಕ್ಕದವನು ನನಗಿಂತ ಮುಂದೆ ಹೋದಾನು ಎಂಬ ಆತಂಕವಾದರೂ ಇಲ್ಲ. ಆ ಇಪ್ಪತ್ತು ನಿಮಿಷದ ಪೀಸಿನ ಕೂಲಿ ಸೇರಿಸುವ ಮಾತು ದೀಪಾವಳಿಯ ಬೋನಸ್ಸಿನ ಜೊತೆಗೆ ನೋಡೋಣ ಎಂಬಲ್ಲಿಗೆ ನಿಂತಿದೆ.

ಹೊಲಿಗೆ ಸಾಲಿನ ಕೊನೆಗೆ ಬಂದ ಮೇಲೆ ಯಂತ್ರದ ಚಹರೆಯೇ ಬದಲಾಯಿತು. ಡೆನಿಮ್ ಬಣ್ಣ ಹತ್ತಿದ ಬೆರಳುಗಳಿಂದ ಗುಂಡಿಗಳೆಲ್ಲ ನೀಲಿಯಾದವು. ಕಾಗದದ ಲೋಟಗಳ ಮೇಲೂ ನೀಲಿ ಹೆಬ್ಬೆಟ್ಟು. ಬಟ್ಟೆಯ ಧೂಳು ಯಂತ್ರದ ಬೆನ್ನಿನ ಜಾಲರಿಗೆ ಕೂರುವುದರಿಂದ ವಾರಕ್ಕೊಮ್ಮೆ ಅದನ್ನು ಬ್ರಷ್ಷಿನಿಂದ ತೆಗೆಯಬೇಕು. ಕಾಗದದ ಲೋಟವನ್ನು ಮಾತ್ರ ನಾವು ಬಿಟ್ಟೇಬಿಟ್ಟೆವು. ಅದರ ಒಳಮೈಗೆ ಹಚ್ಚಿರುವ ತೆಳು ಪ್ಲಾಸ್ಟಿಕ್ ಪದರದಿಂದ, ಬಿಸಿ ದ್ರವ ಹದಿನೈದು ನಿಮಿಷ ನಿಂತರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಕಣಗಳು ಬಿಡುತ್ತವೆ ಎಂದು ಐಐಟಿ ಖರಗ್‌ಪುರದ ಸಂಶೋಧಕರು ಕಂಡುಕೊಂಡಿದ್ದಾರೆ. ಈಗ ಪ್ರತಿಯೊಬ್ಬರಿಗೂ ಒಂದು ಸ್ಟೀಲ್ ಲೋಟವಿದೆ, ತಳದಲ್ಲಿ ಹೆಸರು ಕೊರೆಸಲಾಗಿದೆ. ತಿಂಗಳ ಲೋಟದ ಖರ್ಚು ಉಳಿಯಿತು ಎಂದು ಮಾಲೀಕರೂ ಖುಷಿಯಾದರು.

ಎಷ್ಟು ಕುಡಿಯಬೇಕು, ಯಾವಾಗ ಕುಡಿಯಬಾರದು ಎಂಬುದನ್ನು ಯಂತ್ರದ ಪಕ್ಕ ದೊಡ್ಡ ಅಕ್ಷರಗಳಲ್ಲಿ ಅಂಟಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ ಒಟ್ಟು 300 ಮಿಲಿಗ್ರಾಂ ದಾಟಬಾರದು. ನಮ್ಮ ಯಂತ್ರದ ಸಣ್ಣ ಲೋಟದ ಲೆಕ್ಕಕ್ಕೆ ನಾಲ್ಕು ಸಾಕು, ಐದನೆಯದು ಬೇಡ. ಅದೇ ಮಾರ್ಗಸೂಚಿಯಲ್ಲಿ ನಮ್ಮಂಥ ಘಟಕಕ್ಕೆ ಇನ್ನೂ ಮುಖ್ಯವಾದ ಮಾತೊಂದಿದೆ: ಊಟಕ್ಕೆ ಮುಂಚಿನ ಒಂದು ಗಂಟೆ, ಆಮೇಲಿನ ಒಂದು ಗಂಟೆ ಚಹಾ ಕಾಫಿ ಕುಡಿಯಬೇಡಿ, ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನೂಲು ಕತ್ತರಿಸುವ, ಗುಂಡಿ ಹಾಕುವ, ಚೆಕಿಂಗ್ ಮಾಡುವ ಕೆಲಸದಲ್ಲಿ ನಮ್ಮಲ್ಲಿ ಇರುವವರು ಬಹುತೇಕ ಹೆಂಗಸರು, ಅವರಲ್ಲಿ ರಕ್ತಹೀನತೆಯ ಮಾತ್ರೆ ನುಂಗುವವರೂ ಇದ್ದಾರೆ. ರೊಟ್ಟಿ, ಪುಂಡಿಪಲ್ಯ ಉಂಡು ಕೈ ತೊಳೆದ ಕೂಡಲೇ ಕಾಫಿ ಹಿಡಿಯುವ ರೂಢಿಗೆ ತಡೆ ಬೀಳಲೆಂದು ಊಟದ ಹೊತ್ತಿನಲ್ಲಿ ಯಂತ್ರವನ್ನು ಆರಿಸಿಯೇ ಇಡುತ್ತೇವೆ. ಮೊದಮೊದಲು ಗೊಣಗಿದರು, ಈಗ ಯಾರೂ ಕೇಳುವುದಿಲ್ಲ.

ದಸರಾ, ದೀಪಾವಳಿಯ ಆರ್ಡರುಗಳು ಮೈಮೇಲೆ ಬಿದ್ದಾಗ ರಾತ್ರಿ ಹತ್ತರವರೆಗೂ ಕೆಲಸ ನಡೆಯುತ್ತದೆ. ಆಗ ಎಂಟು ಗಂಟೆಗೆ ಒಂದು ಸುತ್ತು ಕಾಫಿ ಕೊಡಿ ಎಂದು ಕೇಳುವುದು ಕೆಲಸಗಾರರಲ್ಲ, ಆಡಳಿತ. ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆಯಲ್ಲಿ ಒಂದು ಗಂಟೆಗೂ ಹೆಚ್ಚು ಖೋತಾ ಆಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಮ್ಮ ಲೋಟದಲ್ಲಿ ಅಷ್ಟು ಇರುವುದಿಲ್ಲ ನಿಜ, ಆದರೆ ಎಂಟಕ್ಕೆ ಕುಡಿದವರು ಹನ್ನೊಂದಕ್ಕೆ ಮಲಗಿ ಮತ್ತೆ ಐದಕ್ಕೆ ಎದ್ದು ನೀರು ಹಿಡಿಯಬೇಕು. ಓವರ್‌ಟೈಮಿನ ದಿನಗಳಲ್ಲಿ ಏಳರ ನಂತರ ಬಾದಾಮಿ ಹಾಲು ಅಥವಾ ಶುಂಠಿ ಕಷಾಯ ಇರಲಿ ಎಂದು ಬರೆದುಕೊಟ್ಟಿದ್ದೇನೆ. ಏಪ್ರಿಲ್, ಮೇ ತಿಂಗಳಿನಲ್ಲಿ ಕಾಫಿಯ ಖರ್ಚು ತಾನಾಗಿಯೇ ಇಳಿಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಮಜ್ಜಿಗೆ ಸುರಿಸುವ ಯಂತ್ರ ಯಾರಾದರೂ ಬಾಡಿಗೆಗೆ ತಂದರೆ ಮೊದಲ ಗಿರಾಕಿ ನಾವೇ. ಕನಿಷ್ಠ ಖರೀದಿಯ ಕರಾರು ಮಾಡಿಕೊಳ್ಳುವವರು ಬೇಸಿಗೆಯ ಈ ಇಳಿಕೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು, ಇಲ್ಲವಾದರೆ ಕುಡಿಯದ ಪುಡಿಗೂ ದುಡ್ಡು ಕಟ್ಟಬೇಕಾಗುತ್ತದೆ.

ಒಟ್ಟು ಸೇವೆಗೆ ಅಂಕ ಕೊಡುವುದಾದರೆ ಡಿಕಾಕ್ಷನ್ ಯಂತ್ರದ ರುಚಿಗೆ ಐದರಲ್ಲಿ ನಾಲ್ಕು, ರಿಪೇರಿ ಸೇವೆಗೆ ಎರಡು, ಪ್ರೀಮಿಕ್ಸಿಗೆ ಒಂದೂವರೆ. ಇಪ್ಪತ್ತು ಇಪ್ಪತ್ತೈದು ಜನರೊಳಗಿನ ಆಫೀಸು, ಆಡಿಟರ್ ಕಚೇರಿ ಅಥವಾ ಅಂಗಡಿಗೆ ಯಂತ್ರದ ಗೊಡವೆಯೇ ಬೇಡ. ದೊಡ್ಡದೊಂದು ಸ್ಟೀಲ್ ಫಿಲ್ಟರ್, ಲೋಟಕ್ಕೆ ಎಂಟು ಹತ್ತು ಗ್ರಾಂನಷ್ಟು ಒಳ್ಳೆಯ ಪುಡಿ, ಹಾಲು ಕಾಯಿಸಲು ಒಂದು ಇಂಡಕ್ಷನ್ ಒಲೆ, ಮಾಡಿಕೊಡುವವರಿಗೆ ಅದಕ್ಕೆಂದೇ ಒಂದಿಷ್ಟು ಸಂಬಳ ಇಷ್ಟಾದರೆ ಸಾಕು. ನೂರು ಜನರ ಆಚೆಗೆ ಹೋದರೆ ಯಂತ್ರ ಅನಿವಾರ್ಯ, ಆದರೆ ಅಲ್ಲಿ ಯಂತ್ರವೊಂದೇ ಸಾಲದು. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕೇಳುತ್ತಿದ್ದ ಕ್ಯಾಂಟೀನನ್ನು 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ 100 ಜನರಿದ್ದರೂ ಕೇಳುತ್ತದೆ, ಗುಂಡಿ ಒತ್ತಿದರೆ ಬರುವ ಕಾಫಿಯನ್ನು ಕ್ಯಾಂಟೀನೆಂದು ತೋರಿಸಲಾಗದು. ನಮ್ಮ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಪ್ರತಿ ತಿಂಗಳ ಪೊರೆ ತೆಗೆಯುವ ಕೆಲಸ ತಪ್ಪಿದರೆ ಆ ತಿಂಗಳ ಬಾಡಿಗೆ ಕಡಿತ, ಬೇಸಿಗೆಯ ಎರಡು ತಿಂಗಳಿಗೆ ಕನಿಷ್ಠ ಖರೀದಿಯಿಂದ ವಿನಾಯಿತಿ, ಪುಡಿಯ ಬೆರಕೆ 80:20ಕ್ಕೆ ಕಡಿಮೆಯಿರಬಾರದು ಎಂಬ ಮೂರು ಷರತ್ತುಗಳನ್ನು ಬರೆದು ಕಳಿಸಿದ್ದೇನೆ. ಮೊದಲನೆಯದಕ್ಕೆ ಅವರು ಇನ್ನೂ ಒಪ್ಪಿಲ್ಲ.